ಕಾನ್ಸಾಸಿನ ಕಳೆ

ಕಾನ್ಸಾಸ್ ಬಯಲಿನ ಗೋಧಿ ಹೊಲದಂಚಿನಲ್ಲಿ ಒಂದು ಕಾಡು ಸೂರ್ಯಕಾಂತಿ ತಲೆಯೆತ್ತಿ ನಿಂತಿತ್ತು. ಪರದೇಶದಿಂದ ಹಡಗಿನಲ್ಲಿ ಬಂದ ಗೋಧಿಗೆ ಅದನ್ನು ಕಂಡರಾಗದು.

"ಎಲೈ ಸೂರ್ಯಕಾಂತಿ, ನೀನು ಕಳೆಯೆಂದು ಸರ್ಕಾರವೇ ಸಾರಿದೆ. ಇನ್ನೂ ಇಲ್ಲೇಕೆ ನಿಂತಿದ್ದೀಯೆ?" ಎಂದಿತು ಗೋಧಿ.

"ಇಲ್ಲಿಗೆ ನೇಗಿಲು ಬರುವ ಮೊದಲೇ ನಾನಿದ್ದೆ, ಮಹಾರಾಯ. ಎಷ್ಟು ಸಲ ಕಿತ್ತರೂ ಹುಟ್ಟುತ್ತೇನೆ, ಅಷ್ಟೆ."

ಅಷ್ಟರಲ್ಲಿ ಹೊಲದೊಡತಿ ಹುಲ್ಡಾ ಕುಡುಗೋಲು ಹಿಡಿದು ಬಂದಳು. ಸೂರ್ಯಕಾಂತಿ ಕಿತ್ತು ಕಿತ್ತು ಅವಳ ಅಂಗೈ ಜಡ್ಡುಗಟ್ಟಿತ್ತು.

"ಮುಗಿಯಿತು ನಿನ್ನ ಕಥೆ!" ಎಂದು ಗೋಧಿ ನಕ್ಕಿತು. ಸೂರ್ಯಕಾಂತಿ ಎದೆ ಗಟ್ಟಿಮಾಡಿಕೊಂಡಿತು.

ಆದರೆ ಹುಲ್ಡಾ ಹೂವನ್ನಷ್ಟೇ ಕೊಯ್ದು ತನ್ನ ಹ್ಯಾಟಿಗೆ ಸಿಕ್ಕಿಸಿಕೊಂಡಳು.

"ಇದೇನೇ, ಕಳೆಯನ್ನು ತಲೆಗೇರಿಸಿಕೊಂಡೆ?" ಗಂಡ ಬೆರಗಾದ.

"ಪಕ್ಕದ ರಾಜ್ಯದ ಕುದುರೆ ಪಂದ್ಯಕ್ಕೆ ಹೊರಟಿದ್ದೇವಲ್ಲ! ಬರಗಾಲ ಬಂತು, ಮಿಡತೆ ಬಂತು, ನಾವೇನು ಓಡಿಹೋದೆವಾ? ಕಿತ್ತರೂ ಮತ್ತೆ ಏಳುವ ಕಾನ್ಸಾಸಿನವರು ನಾವೆಂದು ಅಲ್ಲಿನ ಜನಕ್ಕೆ ಗೊತ್ತಾಗಬೇಡವೇ?"

ಹ್ಯಾಟಿನ ಮೇಲಿಂದ ಸೂರ್ಯಕಾಂತಿ ಹೊಲದತ್ತ ಹಿಂತಿರುಗಿ ನೋಡಿತು. ಗೋಧಿ ಬಲು ಗಿಡ್ಡವಾಗಿ ಕಂಡಿತು.

ಮುಂದೊಂದು ದಿನ ಅದೇ ಸರ್ಕಾರ ತನ್ನ ಬಾವುಟದ ನೆತ್ತಿಗೆ ಏರಿಸಿದ್ದು ಗೋಧಿಯನ್ನಲ್ಲ, ಆ ಕಳೆಯನ್ನು.