ಗಡಿಗೆಯ ಕೊರಳಿನ ಓಲೆ

“ಗುರುಗಳೇ, ನಲವತ್ತು ಕಂಪ್ಯೂಟರುಗಳು ಒಂದರ ಕೈಯಿಂದ ಇನ್ನೊಂದಕ್ಕೆ ದಾಟಿಸಿ, ಆಸ್ಪತ್ರೆಯವರು ಕೇಳಿದ ಔಷಧಿಯ ಚೀಟಿಯನ್ನು ಉಗ್ರಾಣಕ್ಕೆ ಮುಟ್ಟಿಸಬೇಕು. ನಡುವೆ ಎಲ್ಲೋ ಚೀಟಿ ಕೂತುಬಿಡುತ್ತದೆ. ವಿಚಾರಿಸಿದರೆ ನಲವತ್ತೂ ‘ನಾನು ಸರಿಯಿದ್ದೇನೆ’ ಎಂದು ಹಸಿರು ದೀಪ ತೋರಿಸುತ್ತವೆ. ಅತ್ತ ರೋಗಿ ನರಳುತ್ತಾನೆ, ಇತ್ತ ನನಗೆ ತಲೆ ಕೆಟ್ಟಿದೆ. ಏನು ಮಾಡಲಿ?” ಎಂದು ಶಿಷ್ಯೆ ಕೇಳಿದಳು.

ಗುರು ಅಕ್ಷರ ಕಲಿತವನಲ್ಲ. ಆದರೆ ತಾನರಿಯದ್ದು ಮೂರು ಲೋಕದಲ್ಲೂ ಇಲ್ಲ ಎಂಬಂತೆ ಮೀಸೆ ತೀಡಿ ಹೇಳಿದ:

ಒಬ್ಬ ವ್ಯಾಪಾರಿ ಇದ್ದ. ಅರಮನೆಗೆ ಬೆಣ್ಣೆ ಕಳಿಸುತ್ತಿದ್ದ. ಗಡಿಗೆ ಎಂದರೆ ಅಂತಿಂಥದ್ದಲ್ಲ, ಒಳಗೆ ಆನೆ ಮಲಗಬಹುದು. ದಾರಿಯಲ್ಲಿ ಹದಿನಾರು ಕಟ್ಟೆ, ಕಟ್ಟೆಗೊಬ್ಬ ಆಳು. ಬೆಳಗ್ಗೆ ಹೊರಟ ಬೆಣ್ಣೆ ಸಂಜೆ ಕಮಟು ಹಿಡಿದು ಮುಟ್ಟುತ್ತಿತ್ತು. “ಇನ್ನೊಂದು ಗಡಿಗೆ ಕೆಟ್ಟರೆ ತಲೆ ಬೋಳಿಸಿ ಕತ್ತೆಯ ಮೇಲೆ ಕೂರಿಸುತ್ತೇನೆ” ಎಂದ ರಾಜ.

ವ್ಯಾಪಾರಿ ಕಟ್ಟೆಗೊಂದು ನಗಾರಿ ಇಡಿಸಿದ. ಎಲ್ಲ ಸರಿಯಿದ್ದರೆ ಬಾರಿಸಬೇಕು. ಹದಿನಾರೂ ದಿನವಿಡೀ ಮೊಳಗಿದವು. ಸದ್ದಿಗೆ ಕಾಗೆಗಳು ಸೀಮೆ ಬಿಟ್ಟವು. ಬೆಣ್ಣೆ ಮಾತ್ರ ಕಮಟು. ವ್ಯಾಪಾರಿ ರೇಗಿ ಇನ್ನೂ ಹದಿನಾರು ನಗಾರಿ ತರಿಸಿದ. ಕಿವಿ ಹೋಯಿತು, ಕಮಟು ಹೋಗಲಿಲ್ಲ.

ಗಡಿಗೆ ಮಾರುವ ಮುದುಕಿ ಅವನ ಕಿವಿಗೆ ಬಾಯಿಟ್ಟು ಕೂಗಿದಳು: “ಅಯ್ಯೋ ಮಂಕೇ, ಆಳುಗಳ ಕ್ಷೇಮ ಕೇಳಿದೆ. ಗಡಿಗೆಯನ್ನು ಕೇಳಿದೆಯಾ?”

“ಗಡಿಗೆಗೆ ಬಾಯಿದೆಯೇ, ಅಜ್ಜಿ?”

“ಕೊರಳಿದೆಯಲ್ಲ!”

ಅವಳು ಗಡಿಗೆಯ ಕೊರಳಿಗೆ ಒಂದು ಓಲೆ ಕಟ್ಟಿದಳು. ಪ್ರತಿ ಆಳೂ ಗಡಿಗೆ ಕೈಗೆ ಬಂದಾಗ ತನ್ನ ನೆರಳು ಎಷ್ಟು ಅಡಿ, ಕೈಬಿಟ್ಟಾಗ ಎಷ್ಟು ಅಡಿ ಎಂದು ಓಲೆಯ ಮೇಲೆ ಗೀರಬೇಕು. ಸಂಜೆ ಓಲೆ ಬಿಚ್ಚಿ ನೋಡಿದರು. ಏಳನೆಯವನು ಕೈಬಿಟ್ಟಾಗ ನೆರಳು ಹತ್ತಡಿ, ಅಂದರೆ ಇನ್ನೂ ಎಳೆಬಿಸಿಲು. ಎಂಟನೆಯವನ ಕೈಗೆ ಬಂದಾಗ ಒಂದೇ ಅಡಿ. ಅಂದರೆ ನಡುಹಗಲು. ಏಳು ಎಂಟರ ನಡುವೆ ಹೊಳೆ. ದೋಣಿ ತುಂಬುವವರೆಗೆ ಅಂಬಿಗ ಹುಟ್ಟು ಹಾಕುತ್ತಿರಲಿಲ್ಲ. ಏಳನೆಯವನು ಕೊಟ್ಟಾಗಿತ್ತು, ಎಂಟನೆಯವನಿಗೆ ಇನ್ನೂ ಬಂದಿರಲಿಲ್ಲ. ಇಬ್ಬರೂ ನಿಜವನ್ನೇ ಬಾರಿಸಿದ್ದರು. ಬೆಣ್ಣೆ ದಡದ ಬಿಸಿಲಲ್ಲಿ ಕೂತಿತ್ತು.

ಶಿಷ್ಯೆಯ ಮುಖ ಅರಳಿತು. “ತಿಳಿಯಿತು ಗುರುಗಳೇ! ಆ ದಡದಲ್ಲೂ ಒಂದು ದೀಪ ಇಡುತ್ತೇನೆ.”

ಗುರು ಹಣೆ ಚಚ್ಚಿಕೊಂಡ. “ಇಡು ಮಗಳೇ, ಅದೂ ಹಸಿರಾಗಿಯೇ ಉರಿಯುತ್ತದೆ.”

ಶಿಷ್ಯೆ ಎದ್ದು ಹೋಗಿ ಔಷಧಿಯ ಚೀಟಿಗೇ ಒಂದು ಓಲೆ ಅಂಟಿಸಿದಳು: ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ನಲವತ್ತು ಕಂಪ್ಯೂಟರುಗಳೂ ಅದರ ಮೇಲೆ ಬರೆಯಬೇಕು.