ಹದಿನೇಳನೆಯ ಉಲ್ಲೇಖ

“ಮೇಷ್ಟ್ರೇ, ಲೇಖಕರ ಹೆಸರು ಮೊದಲು ಬಂದರೇನು, ಇಸವಿ ಮೊದಲು ಬಂದರೇನು? ಅದರಿಂದ ಸತ್ಯಕ್ಕೆ ಏನಾಗುತ್ತದೆ?”

ಕೇಳಿದವನು ಬೋರಲಿಂಗ. ಓಬಳಯ್ಯ ಮೇಷ್ಟ್ರ ಬಳಿ ಹಳೆಯ ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಅವನ ಲೇಖನ ಒಂದು ವಿದ್ವತ್ ಪತ್ರಿಕೆಯಿಂದ ಮೂರನೆಯ ಸಲ ವಾಪಸು ಬಂದಿತ್ತು. ಲೇಖನದಲ್ಲಿ ತಪ್ಪಿದೆ ಎಂದು ಯಾರೂ ಹೇಳಿರಲಿಲ್ಲ. ಕೊನೆಯ ಉಲ್ಲೇಖಪಟ್ಟಿ ಪತ್ರಿಕೆಯ ಕ್ರಮದಲ್ಲಿಲ್ಲ ಎಂದಷ್ಟೇ ಬರೆದಿದ್ದರು. ಮೊದಲ ಸಲ ಇಸವಿಯನ್ನು ಆವರಣದೊಳಗೆ ಹಾಕಿ ಎಂದರು, ಹಾಕಿದ. ಎರಡನೆಯ ಸಲ ಆವರಣ ತೆಗೆದು ಸಾಲಿನ ಕೊನೆಗೆ ಒಯ್ಯಿರಿ ಎಂದರು, ಒಯ್ದ. ಈಗ ಹದಿನೇಳನೆಯ ಉಲ್ಲೇಖಕ್ಕೆ ಪುಟಸಂಖ್ಯೆ ಇಲ್ಲ ಎಂದಿದ್ದರು. ಅದು ಸುಲಭವಾಗಿ ಸಿಗುವ ಪುಸ್ತಕವಲ್ಲ. ಬೋರಲಿಂಗ ತನ್ನ ಕೆರೆಯ ಕಾಲವನ್ನು ನಿರ್ಧರಿಸಿದ್ದು ಮಾತ್ರ ಅದರ ಬಲದ ಮೇಲೆಯೇ. ಬೇರೆ ಮೂವರ ಲೇಖನಗಳಲ್ಲಿ ಆ ಪುಸ್ತಕದ ಹೆಸರಿನ ಮುಂದೆ ಒಂದೇ ಪುಟಸಂಖ್ಯೆ ಇತ್ತು. ಅದನ್ನೇ ಇಳಿಸಿಕೊಂಡು ಖಾಲಿ ಜಾಗ ತುಂಬಿದ್ದ.

ಲೇಖನ ಅಚ್ಚಾಗದೆ ಮಹಾಪ್ರಬಂಧ ಸಲ್ಲಿಸುವಂತಿರಲಿಲ್ಲ. ಉಳಿದದ್ದು ಇಪ್ಪತ್ತು ದಿನ. ಚುಕ್ಕೆ ಎಲ್ಲಿ, ಅಲ್ಪವಿರಾಮ ಎಲ್ಲಿ ಎಂದು ನೋಡಿ ನೋಡಿ ಅವನ ತಲೆ ಚಿಟ್ಟು ಹಿಡಿದಿತ್ತು.

ಮೇಷ್ಟ್ರು ಪಟ್ಟಿಯನ್ನು ತೆಗೆದುಕೊಂಡು, ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ನೋಡುತ್ತಾ ಬಂದರು. ಒಂದು ಕಡೆ ಪೆನ್ಸಿಲ್ ನಿಂತಿತು. ಅದನ್ನು ಅಲ್ಲೇ ಬಿಟ್ಟು ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು, ಸಿಟ್ಟು ಮೂಗಿನ ತುದಿಯಲ್ಲಿ. ವಯಸ್ಸಾದ ಮೇಲೆ ತಾನು ಬಲ್ಲ ಮದ್ದುಗಳನ್ನೆಲ್ಲ ಓಲೆಗರಿಯ ಮೇಲೆ ಬರೆದು ಹತ್ತಿರದ ಮಠದ ಪುಸ್ತಕ ಭಂಡಾರಕ್ಕೆ ಒಯ್ದ. ತಾನು ಸತ್ತ ಮೇಲೂ ಮದ್ದು ಉಳಿಯಲಿ ಎಂಬುದು ಅವನ ಆಸೆ.

ಭಂಡಾರ ನೋಡಿಕೊಳ್ಳುವವನು ಕಟ್ಟು ಬಿಚ್ಚಿ ನೋಡಿ ಹಿಂದಿರುಗಿಸಿದ. ಪ್ರತಿ ಮದ್ದಿನ ಕೆಳಗೆ ಅದನ್ನು ಹೇಳಿಕೊಟ್ಟವರ ಹೆಸರಿರಬೇಕು ಎಂದ. ವೈದ್ಯ ಬರೆದು ತಂದ. ಹೆಸರಿನ ಜೊತೆಗೆ ಊರೂ ಇರಬೇಕು ಎಂದು ಭಂಡಾರದವನು ಮತ್ತೆ ಹಿಂದಿರುಗಿಸಿದ. ಓಲೆಯ ಮೇಲೆ ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ವೈದ್ಯ ಹಲ್ಲು ಕಚ್ಚಿಕೊಂಡು ಹೊಸ ಓಲೆಗಳಿಗೆ ಎಲ್ಲವನ್ನೂ ಮೊದಲಿಂದ ಕೊರೆದು ತಂದ. ಊರು ಮೊದಲು ಬರಬೇಕು, ಹೆಸರು ಆಮೇಲೆ, ಮದ್ದು ಕೇಳಿದ ತಿಂಗಳು ಕೊನೆಗೆ, ಭಂಡಾರದ ಪದ್ಧತಿ ಇದು ಎಂದ ಅವನು.

“ರೋಗ ವಾಸಿ ಮಾಡುವುದು ಮದ್ದೋ, ತಿಂಗಳೋ?” ಎಂದು ವೈದ್ಯ ಕೇಳಿದ.

“ಮದ್ದು ರೋಗಿಗೆ. ಉಳಿದದ್ದು ನಿಮ್ಮ ನಂತರ ಬರುವ ವೈದ್ಯನಿಗೆ,” ಎಂದು ಭಂಡಾರದವನು ಕಟ್ಟನ್ನು ಕೈಗಿತ್ತ.

ವೈದ್ಯನಿಗೆ ಇದು ಒಂದಿಷ್ಟೂ ಅರ್ಥವಾಗಲಿಲ್ಲ. ಮನೆಗೆ ಬಂದು, ಒಂದೊಂದಕ್ಕೂ ತಿಂಗಳು ನೆನಪು ಮಾಡಿಕೊಂಡು ಕೊರೆಯುತ್ತಾ ಹೋದ. ಒಂದು ಮದ್ದಿನ ಹತ್ತಿರ ಕೈ ತಡೆಯಿತು. ಹೆರಿಗೆಯಾದ ಮೇಲೆ ಮಾಸು ಬೀಳದಿದ್ದರೆ ಕೊಡುವ ಬೇರಿನ ಕಷಾಯ ಅದು. ಹೇಳಿದವಳು ಗುಡ್ಡದಾಚೆಯ ಹಳ್ಳಿಯ ಒಬ್ಬ ಮುದುಕಿ ಎಂದು ಬರೆದಿದ್ದ. ಆದರೆ ಅವಳನ್ನು ಅವನು ಕಂಡೇ ಇರಲಿಲ್ಲ. ಇನ್ನೊಬ್ಬ ವೈದ್ಯನ ಓಲೆಯಿಂದ ಇಳಿಸಿಕೊಂಡಿದ್ದ, ಆ ವೈದ್ಯ ಮತ್ತೊಬ್ಬನ ಓಲೆಯಿಂದ. ಎಲ್ಲದರಲ್ಲೂ ಅದೇ ಮುದುಕಿ, ಅದೇ ಮೂರು ಹಿಡಿ ಬೇರು. ಇಷ್ಟು ಜನ ಬರೆದ ಮೇಲೆ ಸುಳ್ಳಿರುತ್ತದೆಯೇ ಎಂದು ನಂಬಿದ್ದ. ಯಾರಿಗೂ ಕೊಡುವ ಪ್ರಸಂಗ ಬಂದಿರಲಿಲ್ಲ. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳಿಗೆ ಬೇಕಾದರೂ ಬೇಕಾದೀತು ಎಂದು ಆ ಬೇರನ್ನು ಒಣಗಿಸಿ ಅಡುಗೆಮನೆಯಲ್ಲಿ ಕಟ್ಟಿಟ್ಟಿದ್ದ.

ಯಾವುದೋ ಒಂದು ತಿಂಗಳು ಕೊರೆದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡ. ಶ್ರಾವಣ ಎಂದು ಕೊರೆಯಲು ಹೋದವನಿಗೆ ಭಂಡಾರದವನ ಮುಖ ನೆನಪಾಯಿತು. ಸುಳ್ಳು ಹಿಡಿದು ನಾಲ್ಕನೆಯ ಸಲವೂ ವಾಪಸು ಕೊಟ್ಟರೆ ಏನು ಗತಿ ಎಂದು ಹೆದರಿದ. ಅವನ ಏಳು ತಲೆಮಾರನ್ನು ಬೈಯುತ್ತಾ ಗುಡ್ಡ ಹತ್ತಿ ಇಳಿದ.

ಮುದುಕಿ ಬದುಕಿದ್ದಳು.

“ಮೂರು ಹಿಡಿ ಬೇರಿನ ಕಷಾಯ ಹೇಳಿದ್ದು ನೀನೇ ಏನಮ್ಮ? ಅದು ಯಾವ ತಿಂಗಳು?”

“ನಾನೇ ಕಣಪ್ಪ. ನಮ್ಮ ಎಮ್ಮೆ ಮಾಸು ಬೀಳದೆ ಒದ್ದಾಡ್ತಿತ್ತು. ನಾನು ಕಷಾಯ ಕುಡಿಸಿದೆ. ದಾರೀಲಿ ಹೋಗ್ತಿದ್ದ ವೈದ್ಯರೊಬ್ಬರು ಕೇಳಿ ಬರಕೊಂಡು ಹೋದರು.”

“ಎಮ್ಮೆಗಾ? ಹೆಂಗಸರಿಗಲ್ಲವಾ?”

“ಹೆಂಗಸರಿಗೆ ಯಾರಾದರೂ ಮೂರು ಹಿಡಿ ಕೊಡ್ತಾರಾ? ಕರುಳು ಸುಟ್ಟು ಹೋಗ್ತದೆ.”

ಬರೆದುಕೊಂಡ ಮೊದಲನೆಯವನು ಎಮ್ಮೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸರಿಯಾಗಿ ಬರೆದುಕೊಂಡಿದ್ದ. ವೈದ್ಯ ಬಂದ ದಾರಿಯಲ್ಲೇ ಬಿದ್ದು ಎದ್ದು ಓಡಿದ. ಮನೆ ಸೇರುವ ಹೊತ್ತಿಗೆ ಮಗಳು ಹೆತ್ತಿದ್ದಳು. ಮಾಸು ಬಿದ್ದಿರಲಿಲ್ಲ. ಹೆಂಡತಿ ಗಂಡ ಹೇಳಿಕೊಟ್ಟಿದ್ದಂತೆ ಮೂರು ಹಿಡಿ ಬೇರು ಕುದಿಸಿ, ಬಟ್ಟಲಿಗೆ ಬಗ್ಗಿಸಿ, ಆರಲೆಂದು ಇಟ್ಟಿದ್ದಳು. ಅವನು ಬಟ್ಟಲನ್ನು ಅಂಗಳಕ್ಕೆ ಚೆಲ್ಲಿದ. ಸೂಲಗಿತ್ತಿ ತನ್ನ ಕೈಯಿಂದಲೇ ಮಾಸು ತೆಗೆದಳು. ಮಗಳು ಉಳಿದಳು. ವೈದ್ಯ ಹೊಸ್ತಿಲ ಮೇಲೆ ಕುಸಿದು ಕೂತು, ಹುಟ್ಟಿದ ಮಗುವಿಗಿಂತ ಗಟ್ಟಿಯಾಗಿ ಅತ್ತ.

ಮುಂದಿನ ವಾರ ಕಟ್ಟು ಹಿಡಿದು ಹೋಗಿ ಭಂಡಾರದವನ ಕಾಲಿಗೆ ಬಿದ್ದ. ನೀವು ತಿಂಗಳು ಕೇಳಿದ್ದರಿಂದ ನನ್ನ ಮಗಳು ಉಳಿದಳು ಎಂದ. ಭಂಡಾರದವನಿಗೆ ತಲೆಬುಡ ತಿಳಿಯಲಿಲ್ಲ. ಬಾಣಂತಿಗೂ ತನ್ನ ಪದ್ಧತಿಗೂ ಏನು ಸಂಬಂಧ ಎಂದು ಅವನ ಮುಖ ನೋಡಿದ. ಆಮೇಲೆ ಕಟ್ಟು ಬಿಚ್ಚಿ ಆ ಓಲೆಯನ್ನು ಹುಡುಕಿದ. ಎಮ್ಮೆಗೆ ಎಂದು ತಿದ್ದಿ ಹೊಸದಾಗಿ ಕೊರೆದಿತ್ತು. ಊರಿತ್ತು, ಹೆಸರಿತ್ತು. ತಿಂಗಳು ಎಲ್ಲಿ ಎಂದು ಕೇಳಿದ.

ವೈದ್ಯನಿಗೆ ಆಗ ನೆನಪಾಯಿತು. ಮುದುಕಿ ತಿಂಗಳು ಹೇಳಿರಲೇ ಇಲ್ಲ, ಅವನು ಮತ್ತೆ ಕೇಳಿರಲೂ ಇಲ್ಲ. ಭಂಡಾರದವನು ಕಟ್ಟನ್ನು ನಾಲ್ಕನೆಯ ಸಲ ವಾಪಸು ಕೊಟ್ಟ. ಈ ಸಲ ವೈದ್ಯ ಗೊಣಗದೆ ಗುಡ್ಡದ ದಾರಿ ಹಿಡಿದ.

ಮೇಷ್ಟ್ರು ಅಷ್ಟಕ್ಕೆ ನಿಲ್ಲಿಸಿದರು. ಬೋರಲಿಂಗನ ಗೊಂದಲ ಇನ್ನಷ್ಟು ಹೆಚ್ಚಿತು. ಭಂಡಾರದವನು ಜಾಣನೋ, ಬರೀ ಓಲೆಯಲ್ಲಿನ ಖಾಲಿ ಜಾಗ ನೋಡುವ ಮಂಕನೋ ತಿಳಿಯಲಿಲ್ಲ. ಮಗಳನ್ನು ಉಳಿಸಿದ್ದು ಪದ್ಧತಿಯೋ, ಗುಡ್ಡ ಹತ್ತಿದ ಕಾಲೋ ಎಂಬುದೂ ಬಗೆಹರಿಯಲಿಲ್ಲ. ತಾನು ಕೇಳಿದ್ದಕ್ಕೆ ಉತ್ತರ ಬಂತೋ ಇಲ್ಲವೋ ಎಂದೇ ಅವನಿಗೆ ಅನುಮಾನವಾಯಿತು.

“ಹಾಗಾದರೆ ಚುಕ್ಕೆ, ಅಲ್ಪವಿರಾಮ ಮುಖ್ಯವೋ ಅಲ್ಲವೋ, ಮೇಷ್ಟ್ರೇ? ನಾನಂತೂ ಈ ಸಲ ಎಲ್ಲವನ್ನೂ ಅವರು ಹೇಳಿದ ಹಾಗೆಯೇ ಹಾಕಿದ್ದೇನೆ. ನೀವೇ ನೋಡಿ, ಒಂದಾದರೂ ತಪ್ಪಿದೆಯಾ?”

ಮೇಷ್ಟ್ರು ಪಟ್ಟಿಯನ್ನು ಅವನ ಕಡೆಗೆ ತಿರುಗಿಸಿದರು. ಪೆನ್ಸಿಲ್ ಇನ್ನೂ ಅದೇ ಸಾಲಿನ ಮೇಲಿತ್ತು.

“ಒಂದೂ ತಪ್ಪಿಲ್ಲ ಕಣಪ್ಪ. ಅದಿರಲಿ, ಈ ಹದಿನೇಳನೆಯ ಪುಸ್ತಕದ ರಟ್ಟು ಯಾವ ಬಣ್ಣದ್ದು?”