ಗಂಟು ಬಿಚ್ಚುವ ಭಂಡಾರಿ

"ಕೇಳ್ರಪ್ಪೋ ಕೇಳಿ. ಕಲಿಮಲ್ಲ ಅರಸರ ಅಪ್ಪಣೆಯಾಗಿದೆ. ಮಗಳು ಪದ್ಮಲಾದೇವಿ ಅಮ್ಮಣ್ಣಿಯವರು ಕೇಳುವ ಮೂರು ಒಗಟು ಬಿಡಿಸಿದವನಿಗೆ ಅರಮನೆಯ ಗ್ರಂಥಭಂಡಾರವನ್ನೂ ಅಮ್ಮಣ್ಣಿಯವರನ್ನೂ ಒಪ್ಪಿಸುತ್ತಾರೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಹಾರುತ್ತದೆ" ಎಂದು ಡಂಗುರದವನು ಬೀದಿಬೀದಿ ಸಾರಿದ.

ಭಂಡಾರಕ್ಕೆ ಭಂಡಾರಿ ಇರಲಿಲ್ಲವೇ ಅಂದರೆ, ಇದ್ದ ಪುಣ್ಯಾತ್ಮ. ಯಾರು ಯಾವ ಗ್ರಂಥ ಒಯ್ದರು ಅಂತ ವರ್ಷಗಟ್ಟಲೆ ಬರೆದಿಟ್ಟು ಮಂತ್ರಿಯ ಕಿವಿಗೆ ಊದುತ್ತಿದ್ದ. ವಿಷದ ಗ್ರಂಥ ಓದಿದ ವೈದ್ಯನಿಗೆ ಛಡಿಯೇಟು ಬಿತ್ತು. ಬಸುರಾಗುವ ಮದ್ದು ಹುಡುಕಿದವಳ ಸಂಕಟ ಬಾವಿಕಟ್ಟೆಯ ಹರಟೆಯಾಯಿತು. ಆಮೇಲೆ ಭಂಡಾರದತ್ತ ನರಪಿಳ್ಳೆಯೂ ಸುಳಿಯಲಿಲ್ಲ. ಅಮ್ಮಣ್ಣಿಗೆ ಹೊಟ್ಟೆ ಉರಿದುಹೋಯಿತು. ಅವನನ್ನು ಓಡಿಸಿ, ಹೊಸ ಭಂಡಾರಿಯನ್ನು ನಾನೇ ಆರಿಸುತ್ತೇನೆ, ಅವನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದಳು. ತಲೆ ತೆಗೆಯುವ ಮಾತು ಮಾತ್ರ ಅರಸನದು.

ಗುರುವ ಮಡಿವಾಳರವನು. ಓಲೆಗ್ರಂಥ ಸುತ್ತುವ ಬಟ್ಟೆಗಳನ್ನು ಒಗೆದುಕೊಡುವುದು ಅವನ ಮನೆಯ ಕೆಲಸ. ಒಂದೊಂದು ಗ್ರಂಥಕ್ಕೆ ಒಂದೊಂದು ಬಣ್ಣದ ಬಟ್ಟೆ. ಅವನು ಅರಮನೆಗೆ ಹೊರಟಾಗ ತಾಯಿ ನಿಂಗವ್ವ ಬಾಗಿಲಿಗೆ ಅಡ್ಡ ನಿಂತಳು.

"ಇರೋದೊಂದು ತಲೆ ಕಣೋ ಮಗ."

"ಅದನ್ನ ಹಂಗೇ ವಾಪಸ್ ತರ್ತೀನಿ ಕಣವ್ವ" ಎಂದ ಗುರುವ. ಹೆದರಿಕೆ ಇತ್ತು, ಸುಳ್ಳು ಹೇಳಬಾರದು. ನಂಬಿಕೆ ಅದಕ್ಕಿಂತ ದೊಡ್ಡದಿತ್ತು.

ಸಭೆಯಲ್ಲಿ ಪದ್ಮಲಾದೇವಿ ಮೊದಲನೆಯದನ್ನು ಕೇಳಿದಳು. "ಒಂದು ವಸ್ತು ಹೊರಗಿರುವಷ್ಟು ದಿನ ಇನ್ನೊಂದನ್ನು ಜೋಪಾನ ಮಾಡಬೇಕು. ವಸ್ತು ಮನೆಗೆ ಬಂದಮೇಲೂ ಆ ಇನ್ನೊಂದನ್ನು ಇಟ್ಟುಕೊಂಡವನು ಕಳ್ಳ. ಏನದು?"

ಸೇನಾಪತಿಯ ಮಗ ಎದೆಯುಬ್ಬಿಸಿ "ಕತ್ತಿ" ಎಂದ. ಕಾವಲಿನವರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಗುರುವನೂ ಆಸ್ಥಾನ ಪಂಡಿತನ ಮಗ ಶ್ರೀಧರನೂ ತಮ್ಮ ಉತ್ತರವನ್ನು ಅಮ್ಮಣ್ಣಿಯ ಕಿವಿಯಲ್ಲಿ ಹೇಳಿದರು. ಇಬ್ಬರೂ ಉಳಿದರು.

"ಎರಡನೆಯದು. ಒಂದು ಮನೆ. ಎಷ್ಟು ಜನ ಹೊಕ್ಕು ಬಂದರೂ ಒಳಗೆ ಹೆಜ್ಜೆಗುರುತಿಲ್ಲ. ಹೊಕ್ಕವನು ಮಾತ್ರ ಹೋದಹಾಗೇ ಬರುವುದಿಲ್ಲ. ಯಾವ ಮನೆ?"

ದೂರದಿಂದ ಬಂದಿದ್ದ ಪಾಳೆಯಗಾರನೊಬ್ಬ "ಹೊಳೆ" ಎಂದ.

"ಹೊಳೆ ಮೈಯನ್ನು ತೊಳೆಯುತ್ತದೆ, ಬುದ್ಧಿಯನ್ನಲ್ಲ" ಎಂದಳು ಅಮ್ಮಣ್ಣಿ. ಅವನನ್ನೂ ಎಳೆದೊಯ್ದರು. ಮತ್ತೆ ಉಳಿದವರು ಅದೇ ಇಬ್ಬರು.

"ಕೊನೆಯದು. ನಾನು ಭಂಡಾರದಿಂದ ಕೊನೆಗೆ ಒಯ್ದ ಗ್ರಂಥ ಯಾವುದು?"

ಅರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ. ಮಗಳು ಕದ ಹಾಕಿಕೊಂಡು ಏನು ಓದುತ್ತಾಳೆ ಎಂಬುದು ಅವನಿಗೆ ಬಹಳ ದಿನದ ತುರಿಕೆ. ಶ್ರೀಧರ ದಾಸಿಗೆ ಬಳೆ ಕೊಟ್ಟು ವಿಷಯ ತಿಳಿದುಕೊಂಡಿದ್ದ. ಅಮ್ಮಣ್ಣಿಯ ಕಿವಿಯಲ್ಲಿ ಆ ಹೆಸರು ಉಸುರಿ ಮೀಸೆ ತಿರುವಿದ.

"ಹೆಸರು ಸರಿ. ಆದರೂ ಸೋತೆ" ಎಂದಳು ಅವಳು.

ಸಭೆ ಗುಜುಗುಜು ಎಂದಿತು. ಗುರುವನಿಗೂ ಆ ಹೆಸರು ಗೊತ್ತಿತ್ತು. ಹೋದ ವಾರವಷ್ಟೇ ಆ ಗ್ರಂಥದ ಬಟ್ಟೆಗೆ ಹತ್ತಿದ್ದ ಅಮ್ಮಣ್ಣಿಯ ಮದರಂಗಿ ಕಲೆಯನ್ನು ಅವನೇ ಉಜ್ಜಿ ತೆಗೆದಿದ್ದ.

"ಗೊತ್ತು ಅಮ್ಮಣ್ಣಿ. ಹೇಳೋದಿಲ್ಲ."

ಅರಸ ಕತ್ತಿ ಹಿರಿದು ಇಳಿದು ಬಂದ. "ಲೋ, ನಾನು ಕೇಳುತ್ತಿದ್ದೇನೆ. ಹೇಳು, ಇಲ್ಲವೇ ಇಲ್ಲೇ ತಲೆ ಇಳಿಸುತ್ತೇನೆ."

ಕತ್ತಿಯ ತಣ್ಣನೆಯ ಅಂಚು ಕುತ್ತಿಗೆಗೆ ತಾಗಿತು. ಗುರುವ ಕುತ್ತಿಗೆ ಹಿಂದೆಗೆಯದೆ ಹೇಳಿದ. "ಇಳಿಸಿ ಬುದ್ಧಿ. ಬಟ್ಟೆ ಒಗೆಯೋರು ನಾವು, ಮನೆಮನೆಯ ಕಲೆ ಕಂಡಿದ್ದೀವಿ. ಒಂದನ್ನೂ ಬೀದಿಗೆ ಹಾಕಿಲ್ಲ. ಬಟ್ಟೆ ನಮ್ಮ ಹತ್ತಿರ ಇರೋವರೆಗೆ ಯಾರದು ಅಂತ ಅಂಚಿಗೆ ದಾರದ ಗಂಟು ಹಾಕ್ತೀವಿ. ಮನೆ ಸೇರಿಸಿದ ಮೇಲೆ ಗಂಟು ಬಿಚ್ಚಿ ಹೊಳೆಗೆ ಬಿಡ್ತೀವಿ. ಅದೇ ಅಮ್ಮಣ್ಣಿಯವರ ಮೊದಲ ಒಗಟು, ಒಯ್ದವರ ಗುರುತು. ಎರಡನೇದು ಗ್ರಂಥ. ಮೂರನೇದಕ್ಕೆ ಬಾಯಿ ಮುಚ್ಚಿಕೊಳ್ಳೋದೇ ಉತ್ತರ."

"ಅದೇ ಉತ್ತರ" ಎಂದಳು ಪದ್ಮಲಾದೇವಿ. ಅವಳ ಕಣ್ಣು ತುಂಬಿತ್ತು. "ಅಪ್ಪಾಜಿ, ತಲೆ ಉಳಿಸಿಕೊಳ್ಳಲು ನನ್ನ ಓದು ನಿಮಗೆ ಹೇಳುವವನು ನಾಳೆ ನಿಮ್ಮ ಓದನ್ನು ಹಗೆಗಳಿಗೆ ಹೇಳುತ್ತಾನೆ."

ಅರಸನ ಮುಖ ಬಿಳಿಚಿತು. ಗುಟ್ಟಾಗಿ ತರಿಸಿಕೊಂಡು ಓದಿದ ಗ್ರಂಥವೊಂದು ಅವನದೂ ಇತ್ತು. ಗುರುವನ ಹತ್ತಿರ ಬಗ್ಗಿ ಪಿಸುಗುಟ್ಟಿದ. "ನಾನು ಒಯ್ದದ್ದೂ ಗೊತ್ತೇನಪ್ಪ?"

"ಗೊತ್ತು ಬುದ್ಧಿ. ಅದರ ಎಣ್ಣೆಜಿಡ್ಡು ತೆಗೆಯೋಕೆ ಮೂರು ಸಲ ಒಗೆದೆ. ಅದನ್ನೂ ಹೇಳೋದಿಲ್ಲ."

ಅರಸ ಹೊಟ್ಟೆ ಹಿಡಿದು ನಕ್ಕ. ಕತ್ತಿ ಒರೆ ಸೇರಿತು. ಗುರುವನ ಮಾತಿನ ಮೇಲೆ ಸೆರೆಯವರೆಲ್ಲ ತಲೆ ಸಮೇತ ಮನೆಗೆ ಹೋದರು. ಭಂಡಾರದ ಹಳೆಯ ಬರಹವೆಲ್ಲ ಒಲೆಗೆ ಹೋಯಿತು. ಗ್ರಂಥ ಒಯ್ದವರಿಗೊಂದು ದಾರದ ಗಂಟು, ತಂದಿಟ್ಟಾಗ ಅವರ ಕಣ್ಣೆದುರೇ ಬಿಚ್ಚುವುದು ಎಂದು ಕಟ್ಟಳೆಯಾಯಿತು. ಮದುವೆಯ ಮರುದಿನವೇ ವೈದ್ಯ ಅಂಜುತ್ತ ಅಂಜುತ್ತ ಬಂದು ವಿಷದ ಗ್ರಂಥ ಕೇಳಿ ಒಯ್ದ. ಹಾವು ಕಚ್ಚಿದ ಮಗುವೊಂದು ಅದರಿಂದ ಬದುಕಿತು.

ಅಮ್ಮಣ್ಣಿ ಓದಿದ್ದು ಯಾವ ಗ್ರಂಥ, ಅರಸ ಓದಿದ್ದು ಯಾವುದು ಅಂತ ನನ್ನನ್ನು ಕೇಳಬೇಡಿ. ಕುತ್ತಿಗೆಗೆ ಕತ್ತಿ ಇಟ್ಟಾಗಲೇ ಗುರುವ ಹೇಳಲಿಲ್ಲ, ಬರೀ ಎಲೆಅಡಿಕೆ ಕೊಟ್ಟರೆ ನಾನು ಹೇಳಿಬಿಡುತ್ತೇನೆಯೇ?